ಉದ್ದಬಾಲದವರ ಮನೆತನ

ಗೋಡೆಯ ಪಟದ ಹಿಂದೆ ಹಲ್ಲಿ ಉಸಿರು ಬಿಗಿಹಿಡಿದು ಕೂತಿತ್ತು. ಕೆಳಗೆ ಬೀರುವಿನ ಮೇಲಿದ್ದ ಬೆಕ್ಕು ವಿನಯದಿಂದ ಕೇಳಿತು: “ತಾವು ಯಾರ ಪೈಕಿ?”

ಮನೆತನದ ಮಾತೆತ್ತಿದ ಮೇಲೆ ಸುಮ್ಮನಿರುವುದುಂಟೇ! ಹಲ್ಲಿ ಕತ್ತು ಹೊರಚಾಚಿತು. “ನಾವು ಉದ್ದಬಾಲದವರು. ಹೊಳೆಯಾಳುವ ಮೊಸಳೆ ನಮ್ಮ ದೊಡ್ಡಪ್ಪ. ಕೋಟೆ ಹತ್ತಿದ ಉಡ ನಮ್ಮ ಚಿಕ್ಕಪ್ಪ.” ಆಡಿದ್ದು ನಿಜವೆಂದು ಸಾರಲು ತಾನೇ ಲೊಚಗುಟ್ಟಿತು.

“ಎಂಥಾ ಮನೆತನ! ಹೋಲಿಕೆ ಇದೆಯೇ, ನೋಡೋಣ.”

“ಬಾಲ ಥೇಟ್ ದೊಡ್ಡಪ್ಪನದೇ” ಎನ್ನುತ್ತ ಹಲ್ಲಿ ಪೂರಾ ಹೊರಬಂತು. ಬೆಕ್ಕು ನೆಗೆದು ಬಾಲ ಹಿಡಿಯಿತು. ಹಲ್ಲಿ ಅದನ್ನು ಕಳಚಿಕೊಟ್ಟು ಪಟದ ಹಿಂದಕ್ಕೋಡಿ, ಇನ್ನು ಈ ಜನ್ಮದಲ್ಲಿ ಬಾಯಿ ಬಿಡೆನೆಂದು ಆಣೆಯಿಟ್ಟುಕೊಂಡಿತು.

ಬೆಕ್ಕು ಬಾಲವನ್ನು ನುಂಗಿ, ಮೀಸೆ ಒರೆಸಿಕೊಂಡು, ಇನ್ನಷ್ಟು ವಿನಯದಿಂದ ಕೇಳಿತು: “ತಾಯಿಯ ಕಡೆಯಿಂದ ತಾವು ಯಾರ ಪೈಕಿ?”

ಪಟದ ಹಿಂದಿನಿಂದ ಹಲ್ಲಿಯ ಕತ್ತು ಮೆಲ್ಲನೆ ಹೊರಬಂತು.