ಕೂಗಿಲ್ಲದ ಕಡವು

"ಗುರುಗಳೇ, ಇಡೀ ಮೆದುಳಿಗೆ ಒಂದೇ ಸಲ ಅಪ್ಪಣೆ ಕೊಡುವಂಥ ಮದ್ದೊಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ಲವೇ?" ಎಂದು ಭರಮಪ್ಪ ಕೇಳಿದ.

ಚನ್ನಮಲ್ಲಯ್ಯನವರು ನರದ ವೈದ್ಯರು. ಲಕ್ವ ಹೊಡೆದು ಕೈಕಾಲು ಸೋತವರಿಗೆ ಹಿಡಿಯುವುದನ್ನೂ ನಡೆಯುವುದನ್ನೂ ಮೊದಲಿನಿಂದ ಕಲಿಸುವುದು ಅವರ ಕೆಲಸ. ಭರಮಪ್ಪ ಎರಡು ವರ್ಷದಿಂದ ಅವರ ಶಿಷ್ಯ.

"ಏನು ಮಾಡೆಂದು ಅಪ್ಪಣೆ?" ಎಂದರು ಗುರುಗಳು.

"ಪ್ರೋಟೀನು ಮಾಡು ಎಂದು. ನೀವೇ ಹೇಳಿಕೊಟ್ಟಿದ್ದೀರಿ. ಒಂದು ನರಕೋಶ ಇನ್ನೊಂದನ್ನು ಎದುರುಗೊಳ್ಳುವ ನರಸಂಧಿಯಲ್ಲಿ ಹೊಸ ಪ್ರೋಟೀನು ಬಂದು ಕೂತರೆ ಸಂಧಿ ಗಟ್ಟಿಯಾಗುತ್ತದೆ. ಸಂಧಿ ಗಟ್ಟಿಯಾದರೆ ಕಲಿತದ್ದು ನಿಲ್ಲುತ್ತದೆ. ಹಾಗಿದ್ದ ಮೇಲೆ ಎಲ್ಲ ಸಂಧಿಗಳಲ್ಲೂ ಒಟ್ಟಿಗೆ ಮಾಡಿಸಿಬಿಟ್ಟರೆ ಮುಗಿಯಿತಲ್ಲ. ಸಾವಂತ್ರವ್ವ ಇಷ್ಟು ಒದ್ದಾಡಬೇಕಾಗಿರಲಿಲ್ಲ."

ಸಾವಂತ್ರವ್ವ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುವವಳು. ಇಪ್ಪತ್ತು ವರ್ಷ ಆ ಕೈಯೇ ಆಕೆಯನ್ನು ಸಾಕಿತ್ತು. ಈಗ ಲಕ್ವಕ್ಕೆ ಬಲಗೈ ಬಿದ್ದುಹೋಗಿತ್ತು. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಖಾನಾವಳಿಯವನು ಹೇಳಿಕಳಿಸಿದ್ದ. ಗುರುಗಳ ಬಳಿಗೆ ಬಂದು ಏಳು ವಾರವಾದರೂ ಆ ಕೈ ಲೋಟ ಹಿಡಿಯಲು ಒಲ್ಲದು. ಯುಗಾದಿಗೆ ಉಳಿದದ್ದು ಐದು ವಾರ. ಭರಮಪ್ಪನಿಗೆ ಆಕೆಯ ಪಾಡು ನೋಡಲಾಗುತ್ತಿರಲಿಲ್ಲ.

"ಕೂತುಕೋ" ಎಂದರು ಗುರುಗಳು. ಭರಮಪ್ಪ ಕೂತ. ಅವರು ಹೇಳತೊಡಗಿದರು.

ಒಂದು ದೊಡ್ಡ ಹೊಳೆ. ಅದರ ಈಚೆ ದಡವನ್ನು ಒಬ್ಬ ವ್ಯಾಪಾರಿ ನೋಡಿಕೊಳ್ಳುತ್ತಿದ್ದ. ಆಚೆ ದಡದಿಂದ ಹರಿಗೋಲುಗಳು ಬರುತ್ತಿದ್ದವು. ಅವು ಬಂದು ದಡ ಸೇರುವ ಜಾಗಕ್ಕೆ ಕಡವು ಎನ್ನುತ್ತಾರೆ. ಅಂಥ ಕಡವುಗಳು ವ್ಯಾಪಾರಿಗೆ ನೂರಿಪ್ಪತ್ತು ಇದ್ದವು.

ಆ ಹೊಳೆಯ ಸೆಳವು ಜೋರು. ಬಂದ ಹರಿಗೋಲನ್ನು ಆ ಕ್ಷಣವೇ ಗೂಟಕ್ಕೆ ಕಟ್ಟಬೇಕು. ಗೂಟ ಇಲ್ಲದಿದ್ದರೆ ಹರಿಗೋಲು ದಡದ ಹತ್ತಿರ ಬಂದೂ ಕೊಚ್ಚಿಹೋಗುತ್ತಿತ್ತು. ಒಂದು ಕಡವಿನಲ್ಲಿ ಎಷ್ಟು ಗೂಟವೋ ಅಷ್ಟೇ ಅದರ ಬಲ. ಆದರೆ ನೀರಿನಲ್ಲಿ ನಿಂತ ಮರ ಎಷ್ಟು ದಿನ ಬಾಳೀತು? ಹಳೆಯ ಗೂಟ ಕೊಳೆಯುತ್ತಿತ್ತು, ಹೊಸದು ಬೇಕಾಗುತ್ತಿತ್ತು.

ಗೂಟದ ಅಳತೆ ವ್ಯಾಪಾರಿಯ ಮನೆಯ ಪೆಟ್ಟಿಗೆಯಲ್ಲಿತ್ತು. ಉದ್ದ ಎಷ್ಟು, ಕಚ್ಚು ಎಲ್ಲಿ, ತುದಿ ಎಷ್ಟು ಚೂಪು, ಎಲ್ಲ ಅದರಲ್ಲಿ. ಆ ಪೆಟ್ಟಿಗೆ ಮಾತ್ರ ಹೊಸ್ತಿಲು ದಾಟಕೂಡದು. ಮನೆಯ ಹಿಂದೆ ಒಬ್ಬ ಬಡಗಿ ಅಳತೆ ನೋಡಿ ಗೂಟ ಕೆತ್ತುತ್ತಿದ್ದ. ಕೆತ್ತಿದ್ದು ಗಾಡಿ ಏರಿ ಹೊಳೆಯ ದಾರಿ ಹಿಡಿಯುತ್ತಿತ್ತು. ಕೊನೆಯ ಕಡವಿಗೆ ಎಂಟು ದಿನದ ದಾರಿ. ಗೂಟ ಬೇಕೆಂದು ಸುದ್ದಿ ಹೋಗಲು ಎಂಟು ದಿನ, ಗೂಟ ಬರಲು ಎಂಟು ದಿನ. ಅಷ್ಟರಲ್ಲಿ ಬಂದ ಹರಿಗೋಲು ಎಲ್ಲಿಗೋ ಹೋಗಿರುತ್ತಿತ್ತು. ಗಾಡಿಯವರೋ, ಎತ್ತು ಸೋತಿತೆಂದು ಹತ್ತಿರದ ಕಡವಿನಲ್ಲೇ ಎಲ್ಲ ಗೂಟ ಇಳಿಸಿ ಹಿಂದಿರುಗುತ್ತಿದ್ದರು.

ಹಗ್ಗ ಹೊಸೆಯುವ ಮುದುಕಿಯೊಬ್ಬಳು ಇದನ್ನೆಲ್ಲ ನೋಡಿ ವ್ಯಾಪಾರಿಗೆ ಹೇಳಿದಳು: "ಅಲ್ಲಯ್ಯಾ, ಮರ ಎಲ್ಲ ಕಡೆಯೂ ಇದೆ, ಕೊಡಲಿ ಹಿಡಿಯುವವರೂ ಇದ್ದಾರೆ. ಇಲ್ಲದ್ದು ಅಳತೆ ಒಂದೇ. ಎಂಟು ದಿನ ಮರ ಹೊರಿಸುವ ಬದಲು ಅಳತೆ ಹೊರಿಸಬಾರದೇ?"

ಆಕೆ ಒಂದು ಹಗ್ಗ ಹೊಸೆದಳು. ಪೆಟ್ಟಿಗೆಯ ಅಳತೆಯಂತೆ ಅದಕ್ಕೆ ಗಂಟು ಹಾಕಿದಳು. ಗಂಟಿನ ಮೇಲೆ ಬೆರಳಾಡಿಸುತ್ತ ಹೋದರೆ ಕಣ್ಣು ಮುಚ್ಚಿಕೊಂಡೂ ಗೂಟ ಕೆತ್ತಬಹುದು. ಹಗ್ಗ ಏನು ಭಾರ? ಒಬ್ಬ ಆಳು ಐವತ್ತು ಹೊರುತ್ತಾನೆ. ಪ್ರತಿ ಕಡವಿಗೂ ಒಂದೊಂದು ಗಂಟುಹಗ್ಗ ಹೋಯಿತು. ಪ್ರತಿ ಕಡವಿನಲ್ಲೂ ಒಬ್ಬ ಬಡಗಿ ಕೂತ.

ಭರಮಪ್ಪ ತಡೆಯಲಾರದೆ ನಡುವೆ ಬಾಯಿ ಹಾಕಿದ. "ತಿಳಿಯಿತು ಗುರುಗಳೇ. ಪೆಟ್ಟಿಗೆ ಎಂದರೆ ನರಕೋಶದ ನಡುವಿನ ಕೇಂದ್ರ. ಹಗ್ಗ ಎಂದರೆ ಅಲ್ಲಿಂದ ನಕಲಾಗಿ ಹೊರಡುವ ಆರ್‌ಎನ್‌ಎ. ಗೂಟ ಎಂದರೆ ಪ್ರೋಟೀನು. ಕಡವು..."

"ಪರೀಕ್ಷೆ ಬರೆದು ಮುಗಿಯಿತೇ? ಇನ್ನು ಕತೆ ಕೇಳು" ಎಂದರು ಗುರುಗಳು.

ಮುದುಕಿ ಒಂದು ಕಟ್ಟುಪಾಡು ಮಾಡಿದ್ದಳು. ಪ್ರತಿ ಹಗ್ಗದ ಸುರುಳಿಗೂ ಅರಗಿನ ಮುದ್ರೆ ಒತ್ತಿದ್ದಳು. ಹೊಳೆಯ ನಡುವಿನಿಂದ ಅಂಬಿಗರ ಕೂಗು, ಬಂದ ಹರಿಗೋಲಿಗೆ ಒಂದರಂತೆ, ಮೂರು ಸಲ ಕೇಳಬೇಕು. ಮೂರನೆಯ ಕೂಗಿಗೆ ಬಡಗಿ ಮುದ್ರೆ ಒಡೆಯಬೇಕು. ಒಂದು ಕೂಗಿಗೆ ಒಡೆಯಕೂಡದು. ಯಾರೋ ದಾರಿ ತಪ್ಪಿ ಕೂಗಿರಬಹುದು. ಕೂಗದಿದ್ದರಂತೂ ಮುಟ್ಟಲೇಕೂಡದು. ನಾಲ್ಕಾರು ಗೂಟ ಕೆತ್ತುವಷ್ಟರಲ್ಲಿ ಒದ್ದೆ ಕೈಯ ಬೆರಳಾಡಿ ಹಗ್ಗ ಜೂಲುಜೂಲಾಗುತ್ತಿತ್ತು. ಆಮೇಲೆ ಬೇಕೆಂದರೆ ಹೊಸ ಹಗ್ಗವೇ ಬರಬೇಕು.

ಕೆತ್ತಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಕಡವಿನ ನೀರಡಿಯಲ್ಲಿ ತೂತು ಕೊರೆದ ಹಾಸುಗಲ್ಲು ಇರುತ್ತಿತ್ತು. ಕೂಗಿದ ಹರಿಗೋಲು ಬಂದು ತಾಗುವ ಜಾಗಕ್ಕೆ ಸರಿಯಾದ ತೂತಿನಲ್ಲೇ ಗೂಟ ಕೂರಬೇಕು. ಒಂದು ಮೊಳ ಆಚೆ ಕೂತರೆ ಅದು ಇದ್ದೂ ಇಲ್ಲದಂತೆ.

ಹೀಗೆ ಮೂರು ವರ್ಷ ನಡೆಯಿತು. ಹೆಚ್ಚು ಕೂಗು ಬಂದ ಕಡವಿನಲ್ಲಿ ಗೂಟ ಹೆಚ್ಚಿತು. ಕೂಗು ನಿಂತಲ್ಲಿ ಹಳೆಯದು ಕೊಳೆತುಹೋಯಿತು. ವ್ಯಾಪಾರಿ ಯಾವ ಕಡವಿಗೂ ಹೋಗಿ ನೋಡಬೇಕಾಗಲಿಲ್ಲ.

ಮುದುಕಿ ತೀರಿಕೊಂಡಳು. ವ್ಯಾಪಾರಿಯ ಅಳಿಯ ಮನೆಗೆ ಬಂದು ಕಾರುಬಾರು ಹಿಡಿದ. ಚುರುಕು ಮನುಷ್ಯ. ಹಗ್ಗ ಕೊಟ್ಟು ಬಡಗಿಯನ್ನು ಸುಮ್ಮನೆ ಕೂರಿಸುವುದೆಂದರೇನು ಎಂದು ಅವನಿಗೆ ಅನಿಸಿತು. "ಕೂಗುವವರೆಗೆ ಕಾಯುವುದೇಕೆ? ಎಲ್ಲ ಕಡವಿನಲ್ಲೂ ಮುದ್ರೆ ಒಡೆಯಿರಿ. ಹಗ್ಗ ಸವೆಯುವ ತನಕ ಕೆತ್ತಿ" ಎಂದು ಅಪ್ಪಣೆ ಕಳಿಸಿದ.

ಒಂದೇ ತಿಂಗಳು. ನೂರಿಪ್ಪತ್ತು ಕಡವುಗಳಲ್ಲೂ ಗೂಟವೋ ಗೂಟ. ಅವಸರಕ್ಕೆ ಕೆತ್ತಿದ್ದು, ಕಡ್ಡಿಯಂತೆ ಸಣ್ಣ. ಕಲ್ಲಿನ ತೂತು ತುಂಬಿದ ಮೇಲೆ ಕೆಸರಿನಲ್ಲೂ ನೆಟ್ಟರು. ಆಚೆ ದಡದ ಅಂಬಿಗರು ಬಂದು ನೋಡಿದರೆ ಹರಿಗೋಲು ತೂರಿಸಲು ಜಾಗವಿಲ್ಲ.

"ಏನ್ರಪ್ಪಾ, ಬೇಲಿ ಹಾಕಿದ್ದೀರಲ್ಲ! ನಮ್ಮ ಹರಿಗೋಲು ಆಡೆಂದು ತಿಳಿದಿರಾ, ನಿಮ್ಮ ಪೈರು ಮೇಯೋದಕ್ಕೆ?" ಎಂದು ಅವರು ನಡುನೀರಿನಿಂದಲೇ ಅಣಕಿಸಿದರು.

ಅಣಕಿಸಿದವರು ಹಿಂದಿರುಗಿದರು. ಆದರೆ ಕೊನೆಯ ಕಡವಿನಲ್ಲಿ ಒಂದು ಹರಿಗೋಲು ಹಾಗೇ ನುಗ್ಗಿತು. ಗೂಟಗಳ ನಡುವೆ ಸಿಕ್ಕಿ ಗಿರಗಿರ ತಿರುಗಿ ಮಗುಚಿತು. ಜನ ಈಜಿ ಬದುಕಿದರು. ತಂದ ಉಪ್ಪೆಲ್ಲ ನೀರಾಯಿತು.

ಆ ಕೊನೆಯ ಕಡವಿನ ಹಿಂದೆ ಒಂದು ಊರಿತ್ತು. ಉಪ್ಪಿನಿಂದ ಹಿಡಿದು ಸೂಲಗಿತ್ತಿಯವರೆಗೆ ಆ ಊರಿಗೆ ಬೇಕಾದದ್ದೆಲ್ಲ ಆಚೆ ದಡದಿಂದಲೇ ಬರಬೇಕು. ಕಡವು ಸತ್ತರೆ ಊರೂ ಉಳಿಯುವಂತಿರಲಿಲ್ಲ.

ವ್ಯಾಪಾರಿ ಅಳಿಯನನ್ನು ಕೂರಿಸಿ ತಾನೇ ಎದ್ದ. ಹೆಚ್ಚಿನ ಗೂಟ ಕೀಳಿಸಿದ. ಹೊಸ ಹಗ್ಗ ಹೊಸೆಸಿದ. ಮತ್ತೆ ಅರಗು, ಮತ್ತೆ ಮುದ್ರೆ, ಮತ್ತೆ ಮೂರು ಕೂಗಿನ ಕಟ್ಟುಪಾಡು. ಎರಡು ತಿಂಗಳಲ್ಲಿ ನೂರಾ ಹತ್ತೊಂಬತ್ತು ಕಡವುಗಳು ಸರಿಹೋದವು. ಕೊನೆಯದು ಮಾತ್ರ ಆಗಲಿಲ್ಲ. ಇನ್ನೊಂದು ಹಗ್ಗ ಕಳಿಸಿದ. ಆಗಲಿಲ್ಲ. ಒಳ್ಳೆಯ ಮರ ಕಳಿಸಿದ. ಆಗಲಿಲ್ಲ. ಊರಿನಿಂದ ನಾಲ್ಕು ಮನೆಯವರು ಗಂಟುಮೂಟೆ ಕಟ್ಟಿದರೆಂದು ಸುದ್ದಿ ಬಂತು. ವ್ಯಾಪಾರಿ ಎಂಟು ದಿನ ನಡೆದು ತಾನೇ ಹೋದ.

ಹೋಗಿ ನೋಡಿದರೆ ಬಡಗಿ ಮೊಣಕಾಲು ತಬ್ಬಿಕೊಂಡು ಹೊಳೆ ನೋಡುತ್ತ ಕೂತಿದ್ದ. ಪಕ್ಕದಲ್ಲಿ ಎರಡು ಹಗ್ಗ, ಮುದ್ರೆ ಒಡೆದಿಲ್ಲ. ಮರದ ರಾಶಿ, ಕೊಡಲಿ ತಾಗಿಲ್ಲ.

"ನಿನಗೆ ಇನ್ನೇನು ಬೇಕಪ್ಪಾ?" ಎಂದ ವ್ಯಾಪಾರಿ.

"ಹಗ್ಗ ಇದೆ ಧಣಿ. ಮರ ಇದೆ. ಕೈಯೂ ನೆಟ್ಟಗಿದೆ. ಕೂಗುವವರನ್ನು ಕಳಿಸಿ."

"ಯಾಕೆ, ಅವರು ಬರುವುದಿಲ್ಲವೇ?"

ಬಡಗಿ ಹೊಳೆಯ ಮೇಲ್ಗಡೆಗೆ ಕೈ ತೋರಿಸಿದ. ಅಲ್ಲಿ ಒಂದು ಬಂಡೆ. ಬಂಡೆಯ ಮೇಲೆ ಒಬ್ಬ ಮನುಷ್ಯ ನಿಂತು ಬಿಳಿ ಬಟ್ಟೆ ಬೀಸುತ್ತಿದ್ದ. ಆಚೆ ದಡದಿಂದ ಹೊರಟ ಹರಿಗೋಲು ಆ ಬಟ್ಟೆ ಕಂಡು ಮೇಲಿನ ಕಡವಿಗೆ ತಿರುಗುತ್ತಿತ್ತು.

ವ್ಯಾಪಾರಿ ಬಂಡೆ ಹತ್ತಿದ. "ಯಾರಯ್ಯಾ ನೀನು? ಯಾರು ಹೇಳಿದರು ನಿನಗೆ ಈ ಕೆಲಸ?"

"ಯಾರೂ ಹೇಳಲಿಲ್ಲ ಧಣಿ. ನಾನು ಇದೇ ಊರಿನ ಕಾವಲುಗಾರ" ಎಂದ ಅವನು. "ಅವತ್ತು ಹರಿಗೋಲು ಮಗುಚಿದ್ದು ಈ ಕಣ್ಣಾರೆ ನೋಡಿದೆ. ಹೆಂಗಸರು ನೀರು ಕುಡಿದು ತೇಲುತ್ತಿದ್ದರು. ಕೆಳಗಿನ ಕಡವಿನಲ್ಲಿ ಒಂದು ಒಳ್ಳೆಯ ಗೂಟ ಆಗುವವರೆಗೆ ಯಾರೂ ಅತ್ತ ಬರುವುದು ಬೇಡ ಎಂದು ಬೆಳಗಾದರೆ ಇಲ್ಲಿ ನಿಲ್ಲುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ."

ಅವನ ತೋಳು ಬೀಸಿ ಬೀಸಿ ಊದಿಕೊಂಡಿತ್ತು. ವ್ಯಾಪಾರಿ ಆ ತೋಳನ್ನು ಮೆಲ್ಲಗೆ ಹಿಡಿದುಕೊಂಡ.

"ಬಟ್ಟೆ ಇಳಿಸಪ್ಪಾ. ನೀನು ಇಳಿಸುವ ತನಕ ಆ ಗೂಟ ಆಗುವುದಿಲ್ಲ" ಎಂದಷ್ಟೇ ಹೇಳಿದ.

ಬಟ್ಟೆ ಇಳಿಯಿತು. ಮರುದಿನ ಒಂದು ಹರಿಗೋಲು ನೇರವಾಗಿ ಬಂತು. ಅಂಬಿಗ ಕೂಗಿದ. ಹಳೆಯವು ಕೊಳೆತುಹೋಗಿದ್ದವು, ಕಟ್ಟಲು ಗೂಟವಿಲ್ಲ, ಹರಿಗೋಲು ಕೊಚ್ಚಿಕೊಂಡು ಅರ್ಧ ಹರದಾರಿ ಹೋಗಿ ಮರಳಿಗೆ ಹತ್ತಿತು. ಕಾವಲುಗಾರ ಮುಖ ಮುಚ್ಚಿಕೊಂಡ. ಎರಡನೆಯ ದಿನ ಮತ್ತೆ ಬಂತು, ಮತ್ತೆ ಕೂಗಿದರು, ಮತ್ತೆ ಕೊಚ್ಚಿಹೋಯಿತು. ನೆನೆದ ಬಟ್ಟೆಯಲ್ಲಿ ನಡೆದು ಬಂದವರು ಬಡಗಿಯ ಮೂರು ತಲೆಮಾರು ಎತ್ತಿ ಬೈದರು. ಮೂರನೆಯ ದಿನ ಮೂರನೆಯ ಕೂಗು. ಬಡಗಿ ಮುದ್ರೆ ಒಡೆದ. ಅಂದು ಒಂದೇ ಗೂಟ ಆಯಿತು. ಹಾಸುಗಲ್ಲಿನ ತೂತಿನಲ್ಲಿ ಅದು ಕೂತದ್ದು ನಾಲ್ಕನೆಯ ದಿನ. ಕಟ್ಟಿದರೆ ಅಲುಗಾಡುತ್ತಿತ್ತು. ಆದರೂ ಹರಿಗೋಲು ನಿಂತಿತು. ಆಮೇಲೆ ಬಂದವರು ಕೂಗಿದಂತೆಲ್ಲ ಅದರ ಪಕ್ಕದಲ್ಲಿ ಇನ್ನೊಂದು, ಇನ್ನೂ ಒಂದು ಗೂಟ ಎದ್ದಿತು. ತಿಂಗಳು ತುಂಬುವ ಮೊದಲು ಸೂಲಗಿತ್ತಿ ಸೀರೆಯ ಅಂಚು ನೆನೆಯದಂತೆ ಆ ಕಡವಿನಲ್ಲಿ ಇಳಿದು ಊರಿಗೆ ಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಭರಮಪ್ಪ ನಕ್ಕ. "ನನ್ನ ಮದ್ದು ಬೇಡ ಬಿಡಿ ಗುರುಗಳೇ, ಗೊತ್ತಾಯಿತು. ಎಲ್ಲ ಸಂಧಿಯಲ್ಲೂ ಒಟ್ಟಿಗೆ ಮಾಡಿಸಿದರೆ ಬೇಲಿಯಾಗುತ್ತದೆ. ಆ ಅಳಿಯನಂಥ ಪೆದ್ದ ಎಲ್ಲಾದರೂ ಉಂಟೇ?"

"ಅಳಿಯ ಕೆಡಿಸಿದ್ದು ಎರಡು ತಿಂಗಳಲ್ಲಿ ಸರಿಹೋಯಿತು, ಅವನ ಮಾತು ಬಿಡು" ಎಂದರು ಚನ್ನಮಲ್ಲಯ್ಯನವರು. "ಇವತ್ತು ಬೆಳಿಗ್ಗೆ ಸಾವಂತ್ರವ್ವನಿಗೆ ಗಂಜಿ ಕುಡಿಸಿದ ಕೈ ಯಾರದು?"

ಅಂದು ಮಧ್ಯಾಹ್ನ ಭರಮಪ್ಪ ಗಂಜಿಯ ಲೋಟವನ್ನು ಸಾವಂತ್ರವ್ವನ ಬಲಗೈಗೆ ಎಟುಕುವಂತೆ ಇಟ್ಟು, ತನ್ನ ಕೈ ಹಿಂದಕ್ಕೆ ಕಟ್ಟಿಕೊಂಡ.