ಕೆರೆಗಾವಲಿನ ಕಾಡುಕುರಿ

ಕಾವಲಿಗೆ ನಿಂತವರು, ಯಾರೇ ಕೊಟ್ಟರೂ, ಏನನ್ನೂ ತಿನ್ನಬಾರದು. ಮತ್ತಿಕಾಡಿನ ಕಾವಲು ಕೂಟಕ್ಕೆ ಇದ್ದದ್ದು ಇದೊಂದೇ ನಿಯಮ.

ಮಕ್ಕಳೇ, ಒಂದು ಕಾಲಕ್ಕೆ ಅದನ್ನು ಯಾರಿಗೂ ನೆನಪಿಸಬೇಕಾಗಿರಲಿಲ್ಲ. ಬೇಸಿಗೆಯಲ್ಲಿ ಇಡೀ ಕಾಡಿಗೆ ಉಳಿಯುತ್ತಿದ್ದದ್ದು ಒಂದೇ ಕೆರೆ. ಅದರಲ್ಲಿ ಹೊರಳಾಡಿ ನೀರು ಕದಡುವವರನ್ನು ಹಿಡಿಯಲೆಂದೇ ಹಿರಿಯರು ಕೂಟ ಕಟ್ಟಿದ್ದರು. ಕಾವಲಿನವರು ಒಮ್ಮೆ ಕೂಗಿದರೆ ಸಾಕು, ಕಾಡೆಲ್ಲ ದಂಡೆಗೆ ಬರುತ್ತಿತ್ತು. ತಪ್ಪು ಮಾಡಿದ್ದು ಆನೆಯೇ ಆದರೂ ಕಿವಿ ಇಳಿಸಿಕೊಂಡು ಹೊರಗೆ ನಡೆಯುತ್ತಿತ್ತು. ಆಗಿನ ನೀರು ಎಷ್ಟು ತಿಳಿ ಎಂದರೆ, ಜಿಂಕೆಮರಿಗಳು ತಳದ ಕಲ್ಲು ನೋಡುತ್ತ ಕುಡಿಯುವುದನ್ನೇ ಮರೆಯುತ್ತಿದ್ದವು.

ಆ ಹಿರಿಯರು ಹೋದರು. ಕಪ್ಪುಮುಖದ ಉದ್ದಬಾಲದ ಕೋತಿ ಮುಸುವ ಕೂಟದ ಮುಖ್ಯಸ್ಥನಾಯಿತು.

ಒಂದು ದಿನ ಕಾಡುಹಂದಿ ಗೆಣಸು ತಂದಿಟ್ಟಿತು. "ಮುಸುವಣ್ಣ, ಸುಮ್ಮನೆ ರುಚಿ ನೋಡಿ. ನಾನೇ ಬೆಳೆದದ್ದು."

"ನೀನು ಯಾವತ್ತಯ್ಯ ಬೆಳೆದದ್ದು?" ಎಂದು ನಗುತ್ತಲೇ ಮುಸುವ ತಿಂದಿತು. ಹಂದಿ ಕೆರೆಗೆ ಇಳಿದಾಗ ಮುಸುವ ತನ್ನ ಬಾಲದಲ್ಲಿ ಹೇನು ಹುಡುಕುತ್ತಿತ್ತು.

ನವಿಲಿನ ಕಾವಲು ಸರದಿಯಲ್ಲಿ ಹಂದಿ ಹುತ್ತ ಕೆದಕಿ ಗೆದ್ದಲು ತೋರಿಸಿತು. "ಇದು ಊಟ ಅಲ್ಲ, ಕೊಕ್ಕಿಗೆ ಸ್ವಲ್ಪ ಕೆಲಸ ಅಷ್ಟೇ," ಎಂದಿತು ನವಿಲು.

ನೀರು ಕೆಸರಾಯಿತು. ಅದನ್ನು ಕುಡಿದ ಎಳೆಮರಿಗಳು ಹೊಟ್ಟೆನೋವಿನಿಂದ ನರಳಿದವು. ಮೊಲ ದೂರು ತಂದರೆ, "ಕೂಟ ವಿಚಾರಿಸುತ್ತಿದೆ," ಎಂದು ಮುಸುವ ಮರದ ಮೇಲಿಂದಲೇ ಹೇಳಿ ಕಳಿಸಿತು.

ಕಾಡುಕುರಿಯ ಸರದಿ ಬಂತು. ಅದು ನಾಯಿಯಂತೆ ಬೊಗಳುವ ಪುಟ್ಟ ಜಿಂಕೆ. ತೀರಿಹೋದ ತಾಯಿಯ ಜಾಗಕ್ಕೆ ಆಗಷ್ಟೇ ಸೇರಿತ್ತು.

"ಅಕ್ಕ, ನಾಲ್ಕು ನೆಲ್ಲಿಕಾಯಿ ತಂದಿದ್ದೀನಿ," ಎಂದಿತು ಹಂದಿ.

"ಬೇಡ. ಹಿಂದೆ ಸರಿ."

"ಎಲ್ಲರೂ ತಿಂದಿದ್ದಾರೆ ಕಣಕ್ಕ."

"ಎಲ್ಲರೂ ಕುಡಿಯೋದೂ ಈ ನೀರನ್ನೇ."

ಹಂದಿ ಲೆಕ್ಕಿಸದೆ ನೀರಿಗೆ ಇಳಿಯಿತು. ಕಾಡುಕುರಿ ಬೊಗಳಲು ಕತ್ತೆತ್ತಿದಾಗ ಮೇಲಿಂದ ಮುಸುವ ಮೆಲ್ಲಗೆ ಹೇಳಿತು: "ತಂಗಿ, ಪೊದೆಯಲ್ಲಿ ನಿನ್ನ ಮರಿ ಮಲಗಿದೆ ಅಲ್ವಾ? ಚಿರತೆ ಬಂದರೆ ಇಲ್ಲಿಂದ ಕೂಗಿ ಎಚ್ಚರಿಸೋದು ನಾನು. ನಾಳೆಯಿಂದ ನನ್ನ ಗಂಟಲು ಕಟ್ಟಿಕೊಂಡರೆ?"

ಕಾಡುಕುರಿ ಪೊದೆಯತ್ತ ನೋಡಿತು. ಮರಿ ಒಣಗಿದ ಮೂತಿ ನೆಕ್ಕುತ್ತ ನೀರಿಗೆ ಕಾಯುತ್ತಿತ್ತು.

ಕಾಡುಕುರಿ ಬೊಗಳಿತು.

ಹಿಂದಿನಂತೆಯೇ ಕಾಡು ದಂಡೆಗೆ ಬಂತು. ಕುತ್ತಿಗೆವರೆಗೆ ಕೆಸರಲ್ಲಿದ್ದ ಹಂದಿಗೆ ಓಡಲು ದಾರಿಯೇ ಸಿಗಲಿಲ್ಲ.

"ಇಷ್ಟು ನೀರು ಕೆಡಿಸಿದ್ದು ಇದೊಂದೇನಾ?" ಎಂದು ಕೇಳಿತು ಆನೆಯಜ್ಜಿ.

"ಇದೊಂದೇ ಅಜ್ಜಿ," ಎಂದಿತು ಮುಸುವ. "ಬೇಕಾದರೆ ತಂಗೀನೇ ಕೇಳಿ. ಮರಿ ಇರೋ ತಾಯಿ, ಯೋಚನೆ ಮಾಡಿಯೇ ಮಾತಾಡ್ತಾಳೆ."

ಕಾಡುಕುರಿ ಮರಿಯನ್ನು ಕಾಲುಗಳ ನಡುವೆ ಎಳೆದುಕೊಂಡಿತು. ಮುಸುವ ಕೂತಿದ್ದ ಕೊಂಬೆಗೆ ನೇರವಾಗಿ ಮುಖವೆತ್ತಿ, ಮತ್ತೊಮ್ಮೆ ಬೊಗಳಿತು.

ನೀತಿ: ತಪ್ಪು ಹಿಡಿಯುವ ಕೆಲಸ ಹೊತ್ತವರು ತಮ್ಮವರ ತಪ್ಪನ್ನೇ ಮೊದಲು ಹಿಡಿಯಬೇಕು.