ಪಾರಿವಾಳ ಹೆಜ್ಜೆಗೊಮ್ಮೆ ತಲೆಯಾಡಿಸುವುದೇಕೆ

ಭೂಮಿ ಇನ್ನೂ ಹೊಚ್ಚಹೊಸದಾಗಿದ್ದ ಕಾಲ. ಗಾಳಿಗೂ ನೀರಿಗೂ ಮಾತು ಬರುತ್ತಿತ್ತು. ಆಗ ಆಕಾಶರಾಯನ ಮಗಳು ಖುನು ಲೈಮಾ ಮಣಿಪುರದ ಲೋಕ್ತಾಕ್ ಸರೋವರಕ್ಕೆ ಇಳಿದು ಬಂದಳು. ಅವಳು ಪಾರಿವಾಳಗಳ ದೇವಿ, ಲೋಕದ ಮೊದಲ ಪಾರಿವಾಳವೂ ಅವಳೇ.

ಸರೋವರದ ನಡುವೆ ಹಸಿರು ದಿಬ್ಬವೊಂದು ಕಂಡಿತು. ಕಾಲಲ್ಲಿ ಒದ್ದು ನೋಡಿದಳು, ಅಲ್ಲಾಡಲಿಲ್ಲ. ಅಲ್ಲೇ ಎರಡು ಮೊಟ್ಟೆಯಿಟ್ಟು ಕಾವಿಗೆ ಕೂತಳು.

ಮೀನು ಹಿಡಿಯುವ ಚಾವೊಬಿ ಅಜ್ಜಿ ದೋಣಿ ನಿಲ್ಲಿಸಿದಳು.

"ಇದು ನೆಲ ಅಲ್ಲ ಕಣಮ್ಮಾ, ತೇಲೋ ಹುಲ್ಲು. ಬೇಸಿಗೇಲಿ ಬೇರು ತಳ ಮುಟ್ಟಿ ನಿಂತಿರತ್ತೆ. ಮಳೆ ಬಂತೋ, ಎದ್ದು ಹೊರಟೇ ಬಿಡತ್ತೆ. ನಾವು ಬಿದಿರ ಗಳ ನೆಟ್ಟು ಕಟ್ಕೋತೀವಿ. ನಿಂಗೂ ಒಂದು ನೆಡ್ಲಾ?"

"ಆಕಾಶರಾಯನ ಮಗಳಿಗೆ ಬುದ್ಧಿ ಹೇಳ್ತೀಯಾ? ನಾನು ಒದ್ದು ನೋಡಿದೀನಿ" ಎಂದಳು ಖುನು ಲೈಮಾ. ಆಕಾಶದಲ್ಲಿ ಬೆಳೆದವಳಿಗೆ ಹುಲ್ಲು ಯಾವುದು, ನೆಲ ಯಾವುದು, ಏನು ಗೊತ್ತು ಪಾಪ!

ಮಳೆ ಬಂತು. ಹಸಿವು ತಾಳಲಾರದೆ ಕಾಳು ಹೆಕ್ಕಲು ದಡಕ್ಕೆ ಹಾರಿದಳು. ತಿರುಗಿ ಬಂದರೆ ದಿಬ್ಬವೇ ಇಲ್ಲ.

"ಗಾಳಿಯಣ್ಣಾ, ನನ್ನ ಮೊಟ್ಟೆ ಎಲ್ಲಿ?"

"ಕಟ್ಟದೆ ಬಿಟ್ಟಿದ್ದನ್ನ ತಳ್ಳಿದೆ. ಎಲ್ಲಿಗೆ ಅಂತ ನೋಡ್ಲಿಲ್ಲ."

"ಸರೋವರದಮ್ಮಾ, ನನ್ನ ದಿಬ್ಬ ಎಲ್ಲಿ?"

"ಸಾವಿರ ದಿಬ್ಬ ತೇಲ್ತಿವೆ ಮಗಳೇ. ನಿಂದು ಯಾವುದು?"

ಖುನು ಲೈಮಾ ಸುತ್ತ ನೋಡಿದಳು. ಎಲ್ಲವೂ ಒಂದೇ ಹಸಿರು. ಒಂದೊಂದರ ಮೇಲೂ ಇಳಿದಳು, ಹುಡುಕಿದಳು, ಎದ್ದಳು. ಚಾವೊಬಿ ಬೈಯಲಿಲ್ಲ, ಮಳೆಯಲ್ಲೇ ದೋಣಿ ಹಾಕಿಕೊಂಡು ಜೊತೆಗೆ ಹುಡುಕಿದಳು.

ಐದನೆಯ ದಿನ ಸಿಕ್ಕವು. ಎರಡೂ ಮೊಟ್ಟೆ ಹಾಗೇ ಇದ್ದವು, ಒಂದು ಬಿರುಕೂ ಇಲ್ಲ. ಖುನು ಲೈಮಾ ಖುಷಿಯಿಂದ ಓಡಿ ಹೋಗಿ ರೆಕ್ಕೆ ಹರಡಿ ಕೂತಳು. ಮೊಟ್ಟೆ ತಣ್ಣಗಿದ್ದವು.

ಕೂತೇ ಇದ್ದಳು. ಒಂದು ದಿನ, ಎರಡು ದಿನ, ಹತ್ತು ದಿನ. ಬೆಚ್ಚಗಾಗಲಿಲ್ಲ.

"ಸಾಕು, ಏಳಮ್ಮಾ" ಎಂದಳು ಚಾವೊಬಿ.

"ಎದ್ದರೆ ಇವು ಸತ್ತಿವೆ ಅಂತ ಒಪ್ಪಿಕೊಂಡ ಹಾಗೆ ಅಜ್ಜೀ."

ಚಾವೊಬಿಗೂ ಅಳು ಬಂತು. ಅವಳೇ ಆ ದೇವಿಯನ್ನು ಎತ್ತಿ ಎದೆಗವಚಿಕೊಂಡು ದಡಕ್ಕೆ ತಂದು ಬಿಟ್ಟಳು. ಗಟ್ಟಿ ಮಣ್ಣಿನ ಮೇಲೂ ಖುನು ಲೈಮಾಗೆ ಹೆಜ್ಜೆಯಿಡಲು ಭಯ. ಕತ್ತು ಮುಂದೆ ಚಾಚಿ, ನೆಲ ಜರುಗುತ್ತಿದೆಯೇ ಎಂದು ನೋಡಿ, ಆಮೇಲೆ ಒಂದು ಹೆಜ್ಜೆ. ಮತ್ತೆ ನೋಡಿ, ಇನ್ನೊಂದು. ಮುಂದೆ ಬೇರೆ ಮೊಟ್ಟೆಯಿಟ್ಟಳು, ಮರಿಗಳೂ ಆದವು. ಆ ಭಯ ಮಾತ್ರ ಹೋಗಲಿಲ್ಲ. ಅಮ್ಮನನ್ನು ನೋಡಿ ಮರಿಗಳೂ ಹಾಗೇ ನಡೆಯಲು ಕಲಿತವು.

ನಮ್ಮ ಅಂಗಳದಲ್ಲಿ ಪಾರಿವಾಳ ಹೆಜ್ಜೆಗೊಮ್ಮೆ ತಲೆಯಾಡಿಸಿದಾಗ ನಗಬೇಡ ಕಂದಾ, ಅದು ಇವತ್ತಿಗೂ ನೆಲವನ್ನು ನಂಬಿಲ್ಲ.